ಸೂಪರ್‌ಸ್ಟಿಷನ್ ಬೆಟ್ಟದಲ್ಲಿ ನಿಜವಾಗಲೂ ಚಿನ್ನದ ಗಣಿ ಇದೆಯಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಅರಿಜೋನಾದ ಸೂಪರ್‌ಸ್ಟಿಷನ್ ಬೆಟ್ಟದಲ್ಲಿ ‘ಡಚ್‌ಮನ್’ ಬಚ್ಚಿಟ್ಟ ಚಿನ್ನದ ಗಣಿ ನಿಜವಾಗಲೂ ಇದೆಯಾ? ಜುಲೈನಲ್ಲಿ ಫೀನಿಕ್ಸ್‌ನ ಮಗಳ ಮನೆಗೆ ಬಂದಾಗ ಒಂದು ದಿನ ಹೋಗಿ ಹುಡುಕಬಹುದಾ? ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಜುಲೈನಲ್ಲಿ ದಯವಿಟ್ಟು ಬೆಟ್ಟ ಹತ್ತಬೇಡಿ.

ನಾನು ಇರುವುದು ಪಕ್ಕದ ಚಾಂಡ್ಲರ್‌ನಲ್ಲಿ. ಚಳಿಗಾಲ ಬಂತೆಂದರೆ ಈ ಬೆಟ್ಟಕ್ಕೆ ಹೋಗುವುದು ನನಗೆ ಅಭ್ಯಾಸ, ಇದರ ಕಥೆಗಳೂ ಅಷ್ಟೇ ಇಷ್ಟ.

ಕಥೆಯ ನಾಯಕ ಜೇಕಬ್ ವಾಲ್ಟ್ಸ್ ನಿಜವಾಗಿ ಬದುಕಿದ್ದ ಮನುಷ್ಯ. ಜರ್ಮನಿಯಿಂದ ಬಂದವನು, ಜರ್ಮನ್ನರನ್ನೂ ಆಗ ಅಲ್ಲಿ ‘ಡಚ್‌ಮನ್’ ಎನ್ನುತ್ತಿದ್ದರು. 1860ರ ದಶಕದಲ್ಲಿ ಪ್ರೆಸ್ಕಾಟ್ ಹತ್ತಿರದ ಬ್ರಾಡ್‌ಶಾ ಬೆಟ್ಟಗಳಲ್ಲಿ ಚಿನ್ನ ಹುಡುಕಿದ್ದಕ್ಕೆ ದಾಖಲೆ ಇದೆ. ಆಮೇಲೆ ಫೀನಿಕ್ಸ್‌ನಲ್ಲಿ ಸಾಲ್ಟ್ ನದಿಯ ದಡದಲ್ಲಿ ಜಮೀನು ಮಾಡಿಕೊಂಡಿದ್ದ. 1891ರಲ್ಲಿ ನದಿ ಉಕ್ಕಿ ಎಲ್ಲ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಬೇಕರಿ ನಡೆಸುತ್ತಿದ್ದ ಜೂಲಿಯಾ ಥಾಮಸ್ ಎಂಬಾಕೆಯ ಮನೆಯಲ್ಲಿ ತೀರಿಕೊಂಡ. ಸಾಯುವ ಮುಂಚೆ ಗಣಿಯ ಗುಟ್ಟು ಹೇಳಿದ, ಮಂಚದ ಕೆಳಗೆ ಚಿನ್ನದ ಅದಿರು ತುಂಬಿದ ಪೆಟ್ಟಿಗೆ ಇತ್ತು ಎನ್ನುವುದು ಕಥೆ. ಆಕೆ ಮರುವರ್ಷವೇ ಪರಿಚಯದ ಇಬ್ಬರು ಅಣ್ಣತಮ್ಮಂದಿರನ್ನು ಕರೆದುಕೊಂಡು ಹುಡುಕಲು ಹೋದಳು. ಏನೂ ಸಿಗಲಿಲ್ಲ. ವಾಲ್ಟ್ಸ್ ಬಾಯಿಂದಲೇ ಕೇಳಿದವಳಿಗೆ ಸಿಗದ ಜಾಗವನ್ನು ನಾಲ್ಕನೆಯವರ ಬಾಯಿಂದ ಕೇಳಿದವರು ಇವತ್ತಿಗೂ ಹುಡುಕುತ್ತಿದ್ದಾರೆ.

ಈ ಕಥೆ ಅಮೆರಿಕವಿಡೀ ಹಬ್ಬಿದ್ದು ಅಡಾಲ್ಫ್ ರೂತ್ ಸಾವಿನಿಂದ. ವಾಷಿಂಗ್ಟನ್‌ನಿಂದ ಬಂದ ವಯಸ್ಸಾದ ಮನುಷ್ಯ, ಕಾಲು ಬೇರೆ ಕುಂಟು. 1931ರ ಜೂನ್‌ನಲ್ಲಿ, ಆ ಬಿಸಿಲಲ್ಲಿ, ಹಳೇ ನಕ್ಷೆ ಹಿಡಿದು ಒಬ್ಬರೇ ಬೆಟ್ಟದಲ್ಲಿ ಉಳಿದರು. ಡಿಸೆಂಬರ್‌ನಲ್ಲಿ ತಲೆಬುರುಡೆ ಸಿಕ್ಕಿತು, ಅದರಲ್ಲಿ ತೂತು. ಉಳಿದ ಮೂಳೆಗಳು ಮುಂದಿನ ತಿಂಗಳು ಬೇರೆ ಕಡೆ ಸಿಕ್ಕವು. ಜೊತೆಗಿದ್ದ ಚೆಕ್‌ಬುಕ್‌ನಲ್ಲಿ ದಾರಿಯ ಗುರುತು ಬರೆದು, ಕೊನೆಗೆ ಸೀಸರ್‌ನ ಮಾತು ಬರೆದಿದ್ದರು: ‘ಬಂದೆ, ನೋಡಿದೆ, ಗೆದ್ದೆ.’ ಗುಂಡೇಟೋ ಬಿಸಿಲೋ ಎನ್ನುವ ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಆ ಮೂರು ಪದ ಓದಿದಾಗಲೆಲ್ಲ ಸಂಕಟವಾಗುತ್ತದೆ.

ಇನ್ನು ಆ ಪ್ರಸಿದ್ಧ ಸುಳಿವು. ವೀವರ್ಸ್ ನೀಡಲ್ ಎಂಬ ಕಲ್ಲಿನ ಕಂಬದ ನೆರಳು ಸಂಜೆ ನಾಲ್ಕಕ್ಕೆ ಎಲ್ಲಿ ಬೀಳುತ್ತದೋ ಅಲ್ಲೇ ಗಣಿ ಅಂತೆ. ಯಾವ ತಿಂಗಳ ನಾಲ್ಕು ಗಂಟೆ? ಜೂನ್‌ನಲ್ಲಿ ನೆರಳು ಪೂರ್ವಕ್ಕೆ ಬೀಳುತ್ತದೆ. ಡಿಸೆಂಬರ್‌ನಲ್ಲಿ ಈಶಾನ್ಯಕ್ಕೆ ತಿರುಗಿ, ಕಣಿವೆ ದಾಟುವಷ್ಟು ಉದ್ದವಾಗುತ್ತದೆ. ಈ ಸುಳಿವು ನಂಬಿಕೊಂಡು ಎಲ್ಲಿ ಬೇಕಾದರೂ ಅಗೆಯಬಹುದು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅಲ್ಲಿಯ ಕಲ್ಲು. ನಮ್ಮ ಕೆಜಿಎಫ್ ಗೊತ್ತಲ್ವಾ? ಅಲ್ಲಿಯ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಅದರೊಳಗೆ ಬೆಣಚುಕಲ್ಲಿನ ಎಳೆಗಳು ಆಳಕ್ಕೆ ಇಳಿದಿವೆ, ಚಿನ್ನ ಇದ್ದದ್ದು ಆ ಎಳೆಗಳಲ್ಲಿ. ಅದರ ಬೆನ್ನು ಹತ್ತಿ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ ಹೋಯಿತು. ಸೂಪರ್‌ಸ್ಟಿಷನ್ ಹಾಗಲ್ಲ. ಸುಮಾರು 2 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿ ಉಗುಳಿದ ಬೂದಿ ಮತ್ತು ಲಾವಾ ಗಟ್ಟಿಯಾಗಿ ಆದ ಬೆಟ್ಟ. ಅಂಥ ಕಲ್ಲಿನ ನಡುವೆ ಕಥೆಯಲ್ಲಿ ಹೇಳುವಷ್ಟು ಚಿನ್ನ ಸಿಗುವ ಸಾಧ್ಯತೆ ತೀರಾ ಕಡಿಮೆ. ಆದರೆ ಬೆಟ್ಟದ ಪಶ್ಚಿಮ ಬುಡದ ಗೋಲ್ಡ್‌ಫೀಲ್ಡ್‌ನಲ್ಲಿ 1890ರ ದಶಕದಲ್ಲಿ ಚಿನ್ನ ಸಿಕ್ಕಿದ್ದು ನಿಜ. ವಾಲ್ಟ್ಸ್ ಸತ್ತ ಸ್ವಲ್ಪ ದಿನಕ್ಕೇ! ಊರೇ ಎದ್ದಿತ್ತು, ಅದಿರು ಕೈಕೊಟ್ಟ ಮೇಲೆ ಖಾಲಿಯಾಯಿತು. ಪಕ್ಕದಲ್ಲೇ ನಿಜವಾದ ಚಿನ್ನ ಇದ್ದಾಗ ಬೆಟ್ಟದ ಕಥೆಯನ್ನು ಯಾರು ತಾನೇ ಬಿಡುತ್ತಾರೆ?

ಒಂದು ಮಾತು ಬೇಸರದಿಂದಲೇ ಹೇಳಬೇಕು. ಪೆರಾಲ್ಟಾ ಎಂಬ ಮೆಕ್ಸಿಕೋ ಕುಟುಂಬ ಇಲ್ಲಿ ಗಣಿ ನಡೆಸಿತ್ತು, ಅವರನ್ನೆಲ್ಲ ಇಲ್ಲಿಯ ಮೂಲನಿವಾಸಿಗಳಾದ ಅಪಾಚೆ ಜನ ಕೊಂದರು ಎಂದೂ ಹೇಳುತ್ತಾರೆ. ಅದಕ್ಕೆ ನಂಬುವಂಥ ದಾಖಲೆ ಇಲ್ಲ. ಅಪಾಚೆಗಳಿಗೆ ಇದು ಪವಿತ್ರ ಬೆಟ್ಟ. ಅವರ ಮೇಲೆ ಸುಮ್ನೆ ಕೊಲೆ ಹೊರಿಸುವ ಕಥೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ನಮ್ಮಲ್ಲೂ ನಿಧಿ ಆಸೆಗೆ ಹಳೇ ಗುಡಿಯ ನಂದಿಯನ್ನು ಕಿತ್ತು ಅಗೆಯುವವರಿದ್ದಾರಲ್ಲ, ಬೇರೆಯವರ ದೇವರ ಜಾಗ ಎನ್ನುವ ಪರಿವೆಯೇ ಇರುವುದಿಲ್ಲ.

ಚಿನ್ನ ಸಿಕ್ಕರೂ ನಿಮ್ಮದಾಗುವುದಿಲ್ಲ. ಒಳಗಿನ ಬೆಟ್ಟವೆಲ್ಲ ಸಂರಕ್ಷಿತ ಕಾಡು, 1984ರಿಂದ ಅಲ್ಲಿ ಹೊಸದಾಗಿ ಗಣಿ ಹಕ್ಕು ಪಡೆಯುವಂತಿಲ್ಲ. ಜುಲೈನಲ್ಲಿ ನೆರಳಲ್ಲೇ 42-43 ಡಿಗ್ರಿ ಮಾಮೂಲು. 2010ರ ಜುಲೈನಲ್ಲಿ ಯೂಟಾದಿಂದ ಮೂವರು ಇದೇ ಚಿನ್ನ ಹುಡುಕಿಕೊಂಡು ಹೋದರು. ಮರುವರ್ಷ ಅವರ ಶವ ಸಿಕ್ಕವು. ಶಾಪ ಅಂತ ಜನ ಹೇಳುತ್ತಾರೆ. ನೀರಿಲ್ಲದ ಕಡೆ ಆ ಬಿಸಿಲೇ ಸಾಕು.

ನವೆಂಬರ್‌ನಿಂದ ಮಾರ್ಚ್ ಒಳಗೆ ಬರುವುದಾದರೆ ಪೆರಾಲ್ಟಾ ಟ್ರೇಲ್‌ನಲ್ಲಿ ಫ್ರೀಮಾಂಟ್ ಸ್ಯಾಡಲ್‌ವರೆಗೆ ಹತ್ತಿ. ಹೋಗಲು ಮೂರೂವರೆ ಕಿ.ಮೀ. ಮೇಲಾಗುತ್ತದೆ, ಪೂರ್ತಿ ಏರು. ಮೇಲೆ ಮುಟ್ಟಿದರೆ ವೀವರ್ಸ್ ನೀಡಲ್ ಎದುರಿಗೇ ನಿಂತಿರುತ್ತದೆ. ಜೇಬಲ್ಲಿ ಒಂದು ಬಾಚಣಿಗೆ ಇರಲಿ. ಚೋಯಾ ಎಂಬ ಕಳ್ಳಿ ಸ್ವಲ್ಪ ತಾಗಿದರೂ ಅದರ ಗೆಣ್ಣು ಕಳಚಿ ಬಟ್ಟೆಗೆ, ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಚುಚ್ಚುತ್ತದೆ. ಬಾಚಣಿಗೆ ತೂರಿಸಿ ಎಗರಿಸಬೇಕು.

ಜುಲೈನಲ್ಲೇ ಬರಬೇಕಾದರೆ ಮಗಳ ಜೊತೆ ಬೆಳಗ್ಗೆ ಬೇಗ ಗೋಲ್ಡ್‌ಫೀಲ್ಡ್‌ಗೆ ಹೋಗಿ, ಬೆಟ್ಟ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಅಲ್ಲೇ ಹತ್ತಿರದ ಮ್ಯೂಸಿಯಂನಲ್ಲಿ ಗಣಿಯ ದಾರಿ ಕೆತ್ತಿದೆ ಎನ್ನುವ ಪೆರಾಲ್ಟಾ ಕಲ್ಲುಗಳನ್ನೂ ನೋಡಬಹುದು. ಅವು ನಕಲಿ ಎನ್ನುವವರೇ ಜಾಸ್ತಿ, ನನಗೂ ಹಾಗೇ ಅನ್ನಿಸುತ್ತದೆ. ನೀವೇ ನೋಡಿ, ನಿಮಗೇನು ಅನ್ನಿಸಿತು ಅಂತ ಇಲ್ಲೇ ಬರೆಯಿರಿ.