ಕಿಟ್‌ನಲ್ಲಿ ಏನೂ ಕಾಣದಿದ್ದರೆ

ಮಾನ್ಯ ಮಾಸ್ತರರಿಗೆ ನಮಸ್ಕಾರ.

ನೆರೆಮನೆಯ ಹುಡುಗನ ನಡೆನುಡಿ ಬದಲಾದುದನ್ನು ಕಂಡು ಮನೆಯವರು ಮೂತ್ರಪರೀಕ್ಷೆಯ ಕಿಟ್ ತಂದು ನೋಡಿದರೆಂದೂ, ಅದರಲ್ಲಿ ಮಾದಕ ದ್ರವ್ಯದ ಸುಳಿವೇ ಸಿಗಲಿಲ್ಲವೆಂದೂ ತಿಳಿಸಿ, ಇನ್ನು ನಿಶ್ಚಿಂತೆಯಿಂದಿರಬಹುದೇ ಎಂದು ಬದಿಯಡ್ಕದಿಂದ ಬರೆದು ಕೇಳಿದ್ದೀರಿ. ಆ ಕಿಟ್ ಒಂದನ್ನೇ ನಂಬಿ ನಿಶ್ಚಿಂತರಾಗಲು ಬರುವುದಿಲ್ಲ. ಹಾಗೆಂದು ಹುಡುಗನ ಮೇಲೆ ಅಪವಾದ ಹೊರಿಸಲೂ ಬಾರದು.

ಮೊದಲು ಕಿಟ್‌ನಲ್ಲಿ ಮೂತ್ರ ತಾಕಿಸಿ ನೋಡುವ ಆ ಪಟ್ಟಿಯನ್ನು ಮನೆಯವರು ಸರಿಯಾಗಿ ಓದಿದ್ದಾರೆಯೇ ಎಂದು ವಿಚಾರಿಸಿ. ಈ ಕಿಟ್‌ಗಳಲ್ಲಿ ದ್ರವ್ಯದ ಹೆಸರಿನೆದುರು ಗೆರೆ ಮೂಡಿದರೆ ಅದು ಇಲ್ಲವೆಂದೂ, ಮೂಡದಿದ್ದರೆ ಇರಬಹುದೆಂದೂ ಅರ್ಥ. ಗರ್ಭಪರೀಕ್ಷೆಯ ಕಿಟ್‌ಗೆ ಇದು ತೀರ ತಿರುವುಮುರುವು. ಮಸುಕಾದ ಗೆರೆಯೂ ಗೆರೆಯೇ.

ಸರಿಯಾಗಿಯೇ ಓದಿದ್ದರೂ ಪಟ್ಟಿಗೆ ಗುರುತಿರುವುದು ಕೆಲವೇ ಅಣುಗಳದು. ಗಾಂಜಾದ ಪಟ್ಟಿ ಹುಡುಕುವುದು ಗಾಂಜಾದ ಮತ್ತುಕಾರಕವು ದೇಹದಲ್ಲಿ ಮಾರ್ಪಟ್ಟು ಮೂತ್ರಕ್ಕೆ ಇಳಿಯುವ ಒಂದು ರೂಪವನ್ನು. 2008ರಲ್ಲಿ ಜರ್ಮನಿಯಲ್ಲಿ ‘ಸ್ಪೈಸ್’ ಎಂಬ ಹೆಸರಿನ ಸೊಪ್ಪಿನ ಪೊಟ್ಟಣಗಳಲ್ಲಿ ಸಿಕ್ಕಿದ ಜೆಡಬ್ಲ್ಯೂಎಚ್-018 ಎಂಬ ಕೃತಕ ದ್ರವ್ಯ ಮಿದುಳಿನಲ್ಲಿ ಗಾಂಜಾ ತಟ್ಟುವ ಜಾಗವನ್ನೇ ತಟ್ಟುತ್ತದೆ, ಆದರೆ ಅದರ ರಚನೆ ಪೂರ್ತಿ ಬೇರೆಯಾದ್ದರಿಂದ ಗಾಂಜಾದ ಪಟ್ಟಿ ಅದನ್ನು ಕಾಣದು.

ಆಗ ಬೇಕಾಗುವುದು ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುವನ್ನು ಒಡೆದು ಚೂರುಗಳ ತೂಕ ನೋಡುವ ಯಂತ್ರ. ಬರಿಯ ತೂಕವೂ ಸಾಲದು. ಎಂಡಿಎಂಎ ಮತ್ತು ಮೆಥೆಡ್ರೋನ್ ಎಂಬ ಎರಡು ಮಾದಕ ದ್ರವ್ಯಗಳ ಅಣುಸೂತ್ರವೂ ಒಂದೇ, ತೂಕವೂ ಒಂದೇ, 193.11, ಒಡೆದಾಗ ಬೀಳುವ ಚೂರುಗಳಲ್ಲಿ ಮತ್ತು ಯಂತ್ರದ ನಳಿಕೆಯನ್ನು ದಾಟಿ ಬರುವ ಹೊತ್ತಿನಲ್ಲಿ ಮಾತ್ರ ಅವು ಬೇರೆಬೇರೆಯಾಗಿ ತೋರುತ್ತವೆ. ಹೊಸ ಅಣುವಾದರೆ ತಾಳೆ ನೋಡಲು ಅದರ ಶುದ್ಧ ಮಾದರಿಯೇ ಕೈಯಲ್ಲಿರುವುದಿಲ್ಲ. ಅತಿ ಸೂಕ್ಷ್ಮವಾಗಿ ತೂಗುವ ಯಂತ್ರಗಳು ಅಂದು ಕಂಡುದೆಲ್ಲವನ್ನೂ ದಾಖಲಿಸಿಡುವುದರಿಂದ, ಇಂದು ಗುರುತು ಸಿಗದ ದ್ರವ್ಯವನ್ನು ಮುಂದೆ ಅದೇ ದಾಖಲೆಯಲ್ಲಿ ಮತ್ತೆ ಹುಡುಕಬಹುದು. ಈ ಶಾಸ್ತ್ರದಲ್ಲಿ ನನಗೆ ಅತ್ಯಂತ ಭರವಸೆ ಕೊಡುವುದು ಇದೇ.

ಕಣ್ಣಾರೆ ಕಂಡುದರಿಂದಲೇ ಏನನ್ನು ಹುಡುಕಬೇಕೆಂದು ತಿಳಿಯುತ್ತದೆ ಎಂಬುದು ನಮ್ಮ ನಾಡಿಗೆ ಹೊಸ ಪಾಠವಲ್ಲ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದಾಗ ಕಾಸರಗೋಡಿನ ಎಣ್ಮಕಜೆಯ ಪಡ್ರೆ ಊರಿನವರು ಮಕ್ಕಳ ಕಾಯಿಲೆಗಳನ್ನು ಕಣ್ಣಾರೆ ಕಂಡಿದ್ದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮಕ್ಕಳ ರಕ್ತದಲ್ಲಿ ಆ ವಿಷವನ್ನೇ ಹೆಸರು ಹಿಡಿದು ಹುಡುಕಿದರು; ಅದು ಸಿಕ್ಕಿತು.

ಆದುದರಿಂದ ಮನೆಯವರು ವೈದ್ಯರಿಗೆ ಕಿಟ್‌ನ ಫಲಿತಾಂಶಕ್ಕಿಂತ ಮೊದಲು ತಾವು ಕಂಡುದನ್ನು ಹೇಳಲಿ: ಹುಡುಗನ ನಿದ್ದೆ, ಊಟ, ಬೆವರು, ಕಣ್ಣು. ಹಠಾತ್ತನೆ ಅವನಿಗೆ ಎಚ್ಚರ ತಪ್ಪಿ ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೆ ಮೊದಲು ತೆಗೆದ ರಕ್ತ ಮತ್ತು ಮೂತ್ರವನ್ನು ಕಾದಿರಿಸಲು ಕೇಳಿಕೊಳ್ಳಲಿ. ಎಂಡಿಎಂಎಯಂಥವು ಎರಡು-ಮೂರು ದಿನಗಳಲ್ಲಿ ಮೂತ್ರದಿಂದ ಮರೆಯಾಗುತ್ತವೆ. ಸಲಹೆಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಹುಡುಗನೊಡನೆ ನೀವೇ ಒಮ್ಮೆ ಕುಳಿತು ಮಾತನಾಡಿದರೆ ಒಳ್ಳೆಯದು. ಅವನು ನಿಮ್ಮಲ್ಲಿ ಓದಿದವನೆಂದು ಬರೆದಿದ್ದೀರಿ.

– ಸಂಪಾದಕ