ಮೇಲ್ಮನವಿ ಬಾಕಿ ಇರುವಾಗ ತೆರಿಗೆ ವಸೂಲಿ

ಮೇಲ್ಮನವಿ ಇತ್ಯರ್ಥವಾಗುವ ಮೊದಲೇ ಆದಾಯ ತೆರಿಗೆ ಇಲಾಖೆ ನ್ಯಾಯಾಲಯದ ಮೂಲಕ ಬಾಕಿ ವಸೂಲಿ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ನಿಮ್ಮ ನೋಟಿಸ್ 1961ರ ಆದಾಯ ತೆರಿಗೆ ಕಾಯ್ದೆಯಡಿ ಬಂದಿರುವುದರಿಂದ 232ನೇ ಕಲಂ ದಾವೆಯ ದಾರಿಯನ್ನು ತೆರೆದಿಟ್ಟಿದೆಯಾದರೂ, ಬ್ಯಾಂಕಿಗೆ ನೋಟಿಸ್ ಕೊಟ್ಟು ಖಾತೆಯ ಹಣವನ್ನು ನೇರವಾಗಿ ಪಡೆಯುವ ಅಧಿಕಾರ 226(3)ರಲ್ಲಿಯೇ ಇರುವಾಗ ಇಲಾಖೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಅಪರೂಪ. ನೀವು ಹೆಚ್ಚು ಎಚ್ಚರ ವಹಿಸಬೇಕಾದದ್ದು ಈ ಬ್ಯಾಂಕ್ ನೋಟಿಸಿನ ಬಗ್ಗೆ. ಆದ್ದರಿಂದ 220(6)ರ ಅಡಿ ವಸೂಲಿಗೆ ತಡೆ ಕೋರಿ ತೆರಿಗೆ ನಿರ್ಧರಣಾ ಅಧಿಕಾರಿಗೆ ದಯವಿಟ್ಟು ಕೂಡಲೇ ಲಿಖಿತ ಅರ್ಜಿ ಕೊಡಿ. 2017ರ ಜುಲೈ 31ರ ಇಲಾಖಾ ಸೂಚನೆಯಂತೆ ವಿವಾದಿತ ಮೊತ್ತದ ಶೇ. 20ರಷ್ಟನ್ನು ಕಟ್ಟುವಂತೆ ಸಾಮಾನ್ಯವಾಗಿ ಹೇಳುತ್ತಾರೆ; ಆದರೆ ಪ್ರಕರಣದ ಸಂಗತಿಗಳನ್ನು ನೋಡಿ ಅದಕ್ಕಿಂತ ಕಡಿಮೆ ಕಟ್ಟಿಸಿಕೊಂಡೂ ತಡೆ ನೀಡಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ತಡೆ ಸಿಕ್ಕರೂ, ಮೇಲ್ಮನವಿಯಲ್ಲಿ ಸೋತರೆ, ತಿಂಗಳಿಗೆ ಶೇ. 1ರ ಬಡ್ಡಿ ಕಟ್ಟಬೇಕಾಗುತ್ತದೆ.