ವಾದಕರು ಕಡಿಮೆಯಾದರೆ ವಾದ್ಯವೃಂದಕ್ಕೆ ಆಗುವುದೇನು?

ಪ್ರಶ್ನೆ: 2023ರಲ್ಲಿ ಬಿಬಿಸಿ ತನ್ನ ವಾದ್ಯವೃಂದಗಳ ಹುದ್ದೆಗಳಲ್ಲಿ ಶೇ 20ರಷ್ಟು ಕಡಿತಕ್ಕೆ ಹೊರಟಿತ್ತಲ್ಲ, ಬೇಕಾದಾಗ ಹೊರಗಿನ ವಾದಕರನ್ನು ಕರೆಸಿಕೊಂಡರೆ ಸಾಲದೇ?

ಉತ್ತರ: ಸಾಲದು. ಆ ಯೋಜನೆ ಇಂಗ್ಲೆಂಡ್‌ನ ಮೂರು ವೃಂದಗಳಿಗೆ ಸಂಬಂಧಿಸಿದ್ದು: ಸಿಂಫನಿ, ಕನ್ಸರ್ಟ್, ಫಿಲ್‌ಹಾರ್ಮೋನಿಕ್. ಬ್ರಿಟನ್ನಿನ ಮನೆಗಳು ಟಿವಿಗಾಗಿ ಕೊಡುವ, ಬಿಬಿಸಿಗೆ ಹಣ ಒದಗಿಸುವ ಲೈಸೆನ್ಸ್ ಶುಲ್ಕವನ್ನು ಎರಡು ವರ್ಷ 159 ಪೌಂಡ್‌ಗೇ ನಿಲ್ಲಿಸಿದ್ದರಿಂದ ಹಣದ ಬಿಕ್ಕಟ್ಟು ನಿಜವೇ. ಆದರೆ ಕತ್ತರಿ ಎಲ್ಲಿ ಬೀಳುತ್ತದೆ ನೋಡಿ.

ಓಬೋ, ಬಸೂನ್‌ನಂಥ ಊದುವ ವಾದ್ಯಗಳಲ್ಲಿ ಒಬ್ಬೊಬ್ಬರಿಗೂ ಬೇರೆಯದೇ ಸ್ವರಸಾಲು ಇರುತ್ತದೆ. ಒಬ್ಬರು ಇಲ್ಲದಿದ್ದರೆ ಆ ಸಾಲೇ ಕೇಳಿಸುವುದಿಲ್ಲ. ಹಾಗಾಗಿ ಕಡಿತದ ಭಾರವೆಲ್ಲ ಒಂದೇ ಸಾಲನ್ನು ಹಲವರು ನುಡಿಸುವ ತಂತಿವಾದ್ಯಗಳ ಮೇಲೆ. ದೊಡ್ಡ ಕೃತಿಗೆ ಸಾಮಾನ್ಯವಾಗಿ ಮೊದಲ ಪಿಟೀಲು 16, ಎರಡನೆಯದು 14, ವಿಯೋಲಾ 12, ಚೆಲ್ಲೋ 10, ಡಬಲ್ ಬಾಸ್ 8, ಒಟ್ಟು 60 ಮಂದಿ ಬೇಕು.

ಹದಿನಾರು ಪಿಟೀಲುಗಳು ಒಂದೇ ದನಿಯಾಗಬೇಕಲ್ಲವೇ? ಕಮಾನು ಮೇಲಕ್ಕೋ ಕೆಳಕ್ಕೋ ಎಂಬುದನ್ನು ಸ್ವರಲಿಪಿಯ ಮೇಲೆ ಪೆನ್ಸಿಲ್‌ನಲ್ಲಿ ಗುರುತಿಸಿರುತ್ತಾರೆ. ಎಷ್ಟು ಒತ್ತಬೇಕು, ಕಮಾನಿನ ಯಾವ ಭಾಗದಲ್ಲಿ ನುಡಿಸಬೇಕು, ಪಕ್ಕದವರ ಶ್ರುತಿಗೆ ಬೆರಳನ್ನು ಎಷ್ಟು ಸರಿಸಬೇಕು ಎಂಬುದನ್ನು ಪೂರ್ತಿಯಾಗಿ ಬರೆಯಲಾಗದು. ಅದು ವರ್ಷಗಟ್ಟಲೆ ಜೊತೆಗೆ ಕೂತು ಬರುವಂಥದ್ದು. ಹೊರಗಿನವರು ಎಷ್ಟೇ ನುರಿತವರಾಗಿರಲಿ, ಕೆಲವೇ ತಾಲೀಮುಗಳಲ್ಲಿ ಅದು ಕೂಡಿಬರದು. ಮೊದಲು ಕೆಡುವುದು ಅತಿ ಮೆಲುದನಿಯ ಭಾಗ. ಅಲ್ಲಿ ಒಂದೇ ಕಮಾನು ಮುಂಚೆ ತಗುಲಿದರೂ ಕಿವಿಗೆ ಬೀಳುತ್ತದೆ.

ಇದೇ ಯೋಜನೆಯಲ್ಲಿ 1924ರಿಂದ ಹಾಡುತ್ತಿರುವ, 20 ಗಾಯಕರ ಬಿಬಿಸಿ ಸಿಂಗರ್ಸ್ ತಂಡವನ್ನೇ ಮುಚ್ಚಲು ಹೊರಟಿದ್ದರು. ಪ್ರತಿಭಟನೆ ಜೋರಾದ ಮೇಲೆ 2023ರ ಮಾರ್ಚ್‌ನಲ್ಲೇ ಮುಚ್ಚುವ ನಿರ್ಧಾರವನ್ನು ತಡೆಹಿಡಿದರು.